ಪಾದ್ರಿಯ ಪಾಪ, ಭಕ್ತರ ಪಾಡು

1982ರಲ್ಲಿ ಅಮೆರಿಕದ ಬಾಸ್ಟನ್ ಮಹಾಧರ್ಮಕ್ಷೇತ್ರಕ್ಕೆ ಸೇರಿದ ಮಹಿಳೆಯೊಬ್ಬರು ಅಲ್ಲಿನ ಕಾರ್ಡಿನಲ್ ಹಂಬರ್ಟೋ ಮೆಡೀರೋಸ್ ಅವರಿಗೆ ಒಂದು ಪತ್ರ ಬರೆದರು. ಅವರ ಬಂಧುಬಳಗದ ಏಳು ಮಂದಿ ಹುಡುಗರು ಜಾನ್ ಗೇಗನ್ ಎಂಬ ಪಾದ್ರಿಯ ಲೈಂಗಿಕ ದೌರ್ಜನ್ಯಕ್ಕೆ ತುತ್ತಾಗಿದ್ದರು. ವಿಷಯ ಮೇಲಿನವರಿಗೆ ಮೊದಲೇ ಮುಟ್ಟಿತ್ತು. ಆದರೂ ಆತ ಇನ್ನೊಂದು ಚರ್ಚಿನಲ್ಲಿ, ಎಂದಿನಂತೆ ಮಕ್ಕಳ ನಡುವೆಯೇ ಇದ್ದ. ಪತ್ರ ಬರೆದವರು ಚರ್ಚಿನ ವೈರಿಯಲ್ಲ. ತಲತಲಾಂತರದಿಂದ ಕಥೋಲಿಕರಾಗಿದ್ದ ಮನೆತನ ಅವರದು. ಗುರುಪಟ್ಟದ ಮರ್ಯಾದೆ ಬೀದಿಗೆ ಬರಬಾರದೆಂದು ಮನೆಯವರೆಲ್ಲ ಬಾಯಿ ಬಿಗಿಹಿಡಿದುಕೊಂಡಿದ್ದರು. ಆ ಮೌನಕ್ಕೆ ಸಿಕ್ಕ ಪ್ರತಿಫಲ ಇದೇ ಎಂಬ ಸಂಕಟ ಆ ಪತ್ರದಲ್ಲಿತ್ತು. ಕಾರ್ಡಿನಲ್ ಅವರಿಂದ ಉತ್ತರವೇನೋ ಬಂತು. ದೇವರು ಪಾಪಗಳನ್ನು ಕ್ಷಮಿಸುವವನಾದ್ದರಿಂದ ತಪ್ಪಿದವರ ಮೇಲೆ ಕರುಣೆಯಿರಲಿ ಎಂಬುದು ಅದರ ಸಾರ.

1984ರಲ್ಲಿ ಬರ್ನಾರ್ಡ್ ಲಾ ಎಂಬವರು ಬಾಸ್ಟನ್ನಿನ ಮಹಾಧರ್ಮಾಧ್ಯಕ್ಷರಾಗಿ ಬಂದರು. ಆ ಮಹಿಳೆ ಅವರಿಗೂ ಬರೆದರು. ಗೇಗನ್‌ಗೆ ಮತ್ತೆ ವರ್ಗವಾಯಿತು. ಈ ಸಲ ವೆಸ್ಟನ್ ಎಂಬ ಊರಿನ ಚರ್ಚಿಗೆ. ಸಹಾಯಕ ಧರ್ಮಾಧ್ಯಕ್ಷರೊಬ್ಬರು ಇದು ತರವಲ್ಲವೆಂದು ಲಿಖಿತವಾಗಿಯೇ ಆಕ್ಷೇಪಿಸಿದ್ದರು. ಆ ಕಾಗದವೂ ಕಡತ ಸೇರಿತು.

ಕಡತ ಹೊರಬರಲು ಹದಿನೆಂಟು ವರ್ಷ ಬೇಕಾಯಿತು. ಗುಟ್ಟಾಗಿ ಉಳಿದಿದ್ದ ದಾಖಲೆಗಳನ್ನು ಬಹಿರಂಗಪಡಿಸಬೇಕೆಂದು 'ಬಾಸ್ಟನ್ ಗ್ಲೋಬ್' ಪತ್ರಿಕೆ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶೆ ಕಾನ್‌ಸ್ಟನ್ಸ್ ಸ್ವೀನಿ ಅದಕ್ಕೆ ಒಪ್ಪಿದರು. 2002ರ ಜನವರಿ 6, ಭಾನುವಾರ, ಗೇಗನ್‌ನ ವಿಚಾರ ಮುಖಪುಟದಲ್ಲಿ ಬಂತು. ಮೂಡಣ ದೇಶದ ಜ್ಞಾನಿಗಳು ಶಿಶು ಯೇಸುವನ್ನು ಕಾಣಲು ಬಂದ ಹಬ್ಬ ಅಂದು. ಬೆಳಗಿನ ಬಲಿಪೂಜೆಗೆ ಹೊರಟವರು ಕಾಫಿ ಕುಡಿಯುವ ಹೊತ್ತಿಗೆ ಓದಿದ್ದು ಇದನ್ನು: ಒಬ್ಬ ಪಾದ್ರಿ, ಮೂರು ದಶಕ, ಆರು ಚರ್ಚುಗಳು, ದೂರು ಹೇಳಿಕೊಂಡವರು 130ಕ್ಕೂ ಹೆಚ್ಚು ಮಂದಿ. ಈ ವರದಿ ತಯಾರಾದ ಬಗೆ 2015ರಲ್ಲಿ 'ಸ್ಪಾಟ್‌ಲೈಟ್' ಎಂಬ ಚಲನಚಿತ್ರವಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಚಿತ್ರ ಪತ್ರಕರ್ತರ ಕಥೆ. ವರದಿಯನ್ನು ಓದಿ ಮಡಿಚಿಟ್ಟು ಚರ್ಚಿಗೆ ಹೋದವರ ಕಥೆ ಬೇರೆಯೇ ಇದೆ.

ಇದು ಬಾಸ್ಟನ್ನಿಗಷ್ಟೇ ಸೇರಿದ ರೋಗವಾಗಿರಲಿಲ್ಲ. ಅಮೆರಿಕದ ಧರ್ಮಾಧ್ಯಕ್ಷರೇ ಕೇಳಿಕೊಂಡ ಮೇರೆಗೆ ನ್ಯೂಯಾರ್ಕಿನ ಜಾನ್ ಜೇ ಕಾಲೇಜು ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 1950ರಿಂದ 2002ರವರೆಗೆ ಆ ದೇಶದಲ್ಲಿ 4,392 ಪಾದ್ರಿಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ ಬಂದಿತ್ತು. ಅಂದರೆ ಒಟ್ಟು ಪಾದ್ರಿಗಳಲ್ಲಿ ಶೇಕಡಾ 4ರಷ್ಟು. ದೂರು ಕೊಟ್ಟವರು 10,667 ಮಂದಿ. ಆದರೆ ಭಕ್ತರನ್ನು ಹೆಚ್ಚು ಕಂಗೆಡಿಸಿದ್ದು ಈ ಸಂಖ್ಯೆಯಲ್ಲ. ಕೆಟ್ಟ ಮನುಷ್ಯ ಎಲ್ಲ ಕಡೆಯೂ ಇರುತ್ತಾನೆ. ಅವನು ಕೆಟ್ಟವನೆಂದು ಗೊತ್ತಿದ್ದೂ ಇನ್ನೊಂದು ಊರಿನ ಮಕ್ಕಳ ನಡುವೆ ಬಿಟ್ಟುಬಂದವರನ್ನು ಏನೆಂದು ಕರೆಯುವುದು? ಗಾಯ ಎರಡು. ಮೊದಲನೆಯದಕ್ಕೆ ಪಾದ್ರಿ ಕಾರಣ, ಎರಡನೆಯದಕ್ಕೆ ಧರ್ಮಾಧ್ಯಕ್ಷ.

ಹಾಗಿದ್ದರೆ ಇವರು ಚರ್ಚನ್ನು ಬಿಟ್ಟು ಹೋಗಬಾರದೇಕೆ? ಹೊರಗಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಬಿಟ್ಟವರು ಇದ್ದರು, ಬಹಳ ಮಂದಿಯೇ ಇದ್ದರು. ಆದರೆ ಕಥೋಲಿಕರಿಗೆ ಬಿಡುವುದು ಸುಲಭವಲ್ಲ. ಪ್ರಾಟೆಸ್ಟೆಂಟ್ ಪಂಥದವರು ಒಂದು ಸಭೆ ಸರಿಬೀಳದಿದ್ದರೆ ಪಕ್ಕದ ಬೀದಿಯ ಇನ್ನೊಂದಕ್ಕೆ ಹೋದಾರು. ಕಥೋಲಿಕರ ಬದುಕು ಏಳು ಸಂಸ್ಕಾರಗಳ ಮೇಲೆ ನಿಂತಿದೆ. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನದಿಂದ ಹಿಡಿದು ಸಾಯುವ ಮುನ್ನ ಹಚ್ಚುವ ಎಣ್ಣೆಯವರೆಗೆ ಅವು ಹಬ್ಬಿವೆ. ಇವುಗಳಲ್ಲಿ ಕೇಂದ್ರವಾದದ್ದು ಪರಮಪ್ರಸಾದ. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆಂಬುದು ಅವರ ನಂಬಿಕೆ. ಗುರುಪಟ್ಟ ಪಡೆದವರ ಕೈಯಿಂದಲ್ಲದೆ ಇದು ಆಗದು. ಪಾದ್ರಿಯನ್ನು ಬಿಟ್ಟರೆ ಪರಮಪ್ರಸಾದವನ್ನೂ ಬಿಟ್ಟಂತೆ. ಇಕ್ಕಟ್ಟು ಇಲ್ಲಿದೆ: ಯಾವ ಕೈ ಮಗುವನ್ನು ಕೆಡಿಸಿತೋ ಅದೇ ಕೈ ದೇವರನ್ನು ನಾಲಿಗೆಯ ಮೇಲಿಟ್ಟಿದೆ.

ಈ ಇಕ್ಕಟ್ಟಿಗೆ ಹದಿನೇಳು ಶತಮಾನಗಳಷ್ಟು ಹಳೆಯ ಚರಿತ್ರೆಯಿದೆ. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ಹಿಂಸೆಗೆ ತೊಡಗಿದಾಗ ಉತ್ತರ ಆಫ್ರಿಕದ ಕೆಲವು ಧರ್ಮಾಧ್ಯಕ್ಷರು ಜೀವಭಯದಿಂದ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೊಪ್ಪಿಸಿದರು. ಹಿಂಸೆ ನಿಂತ ಮೇಲೆ ಜಗಳ ಶುರುವಾಯಿತು. ಇಂಥ ದ್ರೋಹಿಗಳು ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲ ಎಂದರು ಡೊನೇಟಸ್‌ನ ಅನುಯಾಯಿಗಳು. ಪರಿಶುದ್ಧರದೇ ಬೇರೆ ಧರ್ಮಸಭೆಯನ್ನೂ ಕಟ್ಟಿಕೊಂಡರು. ಅವರಿಗೆ ಎದುರಾಗಿ ನಿಂತವರು ಹಿಪ್ಪೋ ನಗರದ ಧರ್ಮಾಧ್ಯಕ್ಷ ಸಂತ ಅಗಸ್ಟೀನ್. ಸಂಸ್ಕಾರ ಕೊಡುವವನು ಕ್ರಿಸ್ತನೇ ಹೊರತು ಪಾದ್ರಿಯಲ್ಲ, ಪಾದ್ರಿ ಬರಿಯ ಕಾಲುವೆ, ಕಾಲುವೆ ಕೆಟ್ಟಿದೆಯೆಂದು ನೀರು ಕೆಡುವುದಿಲ್ಲ ಎಂಬುದು ಅವರ ವಾದದ ತಿರುಳು. 411ರಲ್ಲಿ ಕಾರ್ತೇಜಿನಲ್ಲಿ ನಡೆದ ದೊಡ್ಡ ವಾದಸಭೆಯಲ್ಲಿ ಡೊನೇಟಸ್ ಪಂಥದವರು ಸೋತರು. ಅಂದಿನಿಂದ ಕಥೋಲಿಕರ ನಿಲುವು ಇದೇ.

ಸಾಮಾನ್ಯ ಭಕ್ತನಿಗೆ ಇದು ದೊಡ್ಡ ಆಸರೆ. ಗೇಗನ್‌ನಂಥವನ ಕೈಯಿಂದ ದೀಕ್ಷಾಸ್ನಾನ ಪಡೆದ ಕೂಸು ನಿಜವಾಗಿಯೂ ದೀಕ್ಷೆ ಪಡೆದಂತೆಯೇ. ಅವನು ನೆರವೇರಿಸಿದ ಮದುವೆಗಳೂ ಮದುವೆಗಳೇ. ಭಕ್ತ ತನ್ನ ಪಾದ್ರಿಯ ಅಂತರಂಗವನ್ನು ಅಳೆಯುತ್ತ ಕೂರಬೇಕಾಗಿಲ್ಲ. ಆದರೆ ಈ ಸಿದ್ಧಾಂತ ಉತ್ತರಿಸಿದ್ದು ಒಂದೇ ಪ್ರಶ್ನೆಗೆ. ನೀರು ಕೆಡುವುದಿಲ್ಲ, ಸರಿ. ಕಾಲುವೆಯನ್ನು ಶುಚಿ ಮಾಡಬೇಕಾದವರು ಯಾರು? ಗೊತ್ತಿದ್ದೂ ಸುಮ್ಮನಿದ್ದವರನ್ನು ಕೇಳುವವರು ಯಾರು? ಭಕ್ತನಿಗೆ ಸಮಾಧಾನ ಹೇಳಲು ಹುಟ್ಟಿದ ಮಾತು ಕಾಲಾಂತರದಲ್ಲಿ ಅಧಿಕಾರದಲ್ಲಿದ್ದವರ ಗುರಾಣಿಯಾಯಿತು ಎಂದರೆ ತಪ್ಪಾಗಲಾರದು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಸನ್ಯಾಸಿ ಪೀಟರ್ ಡೇಮಿಯನ್ ಗುರುವರ್ಗದ ಲೈಂಗಿಕ ಅನಾಚಾರಗಳನ್ನು ಕುರಿತು ಒಂದು ಉಗ್ರವಾದ ಗ್ರಂಥ ಬರೆದು ಪೋಪ್ ಒಂಬತ್ತನೆಯ ಲಿಯೋ ಅವರಿಗೆ ಅರ್ಪಿಸಿದರು. ತಪ್ಪು ಮಾಡಿದವರ ಜೊತೆಗೆ ಕಂಡೂ ಕಾಣದಂತಿದ್ದ ಮೇಲಧಿಕಾರಿಗಳನ್ನೂ ಅವರು ಬಿಡಲಿಲ್ಲ. ಪೋಪ್ ಮೆಚ್ಚುಗೆಯ ಉತ್ತರ ಬರೆದರು, ಶಿಕ್ಷೆಯ ವಿಷಯದಲ್ಲಿ ಮಾತ್ರ ಮೃದುವಾದರು. ಸುಮಾರು ಒಂಬತ್ತು ಶತಮಾನಗಳ ತರುವಾಯ, 1985ರಲ್ಲಿ, ಡೊಮಿನಿಕನ್ ಪಾದ್ರಿ ಹಾಗೂ ಧರ್ಮಶಾಸನ ತಜ್ಞ ಥಾಮಸ್ ಡಾಯ್ಲ್ ಇಬ್ಬರು ಸಂಗಡಿಗರೊಡನೆ ಅಮೆರಿಕದ ಧರ್ಮಾಧ್ಯಕ್ಷರಿಗೆ ಒಂದು ವರದಿ ಕೊಟ್ಟರು. ಮುಂದೆ ಕಾದಿರುವ ಅನಾಹುತವನ್ನು ಅದು ಬಿಡಿಸಿ ಹೇಳಿತ್ತು. ಅದೂ ಮೂಲೆ ಸೇರಿತು.

2002ರ ಚಳಿಗಾಲದಲ್ಲಿ ಬಾಸ್ಟನ್ ಹೊರವಲಯದ ವೆಲ್ಸ್‌ಲಿಯ ಸಂತ ಯೊವಾನ್ನರ ಚರ್ಚಿನ ನೆಲಮಾಳಿಗೆಯಲ್ಲಿ ಕೆಲವು ಡಜನ್ ಭಕ್ತರು ಪೂಜೆ ಮುಗಿದ ಮೇಲೆ ಸೇರತೊಡಗಿದರು. ಮೊದಲು ಮಾಡಿದ್ದು ಅತ್ತದ್ದು, ಬೈದದ್ದು. ಆಮೇಲೆ ಸಂಘಟನೆಯ ಮಾತು ಬಂತು. ಮುಂದೆ ನಿಂತವರಲ್ಲಿ ಜೇಮ್ಸ್ ಮುಲ್ಲರ್ ಒಬ್ಬರು. ಹೃದ್ರೋಗ ತಜ್ಞರಾದ ಇವರು, ಅಣುಯುದ್ಧದ ವಿರುದ್ಧ ದುಡಿದು 1985ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯರ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಹುಟ್ಟಿಕೊಂಡ ಸಂಘಟನೆಯ ಹೆಸರು 'ವಾಯ್ಸ್ ಆಫ್ ದ ಫೇತ್‌ಫುಲ್', ಭಕ್ತರ ದನಿ. ವಿಶ್ವಾಸವನ್ನು ಬಿಡುವುದಿಲ್ಲ, ಚರ್ಚನ್ನು ಬದಲಿಸದೆ ಬಿಡುವುದಿಲ್ಲ ಎಂಬರ್ಥದ ಘೋಷಣೆ. ಅದೇ ಜುಲೈ 20ರಂದು ನಡೆದ ಸಮಾವೇಶಕ್ಕೆ ನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಬಂದರು.

ಬಂದವರು ಯಾರು? ಕ್ರಾಂತಿಕಾರರೇನೂ ಅಲ್ಲ. ಹೆಚ್ಚಿನವರು ಐವತ್ತು ದಾಟಿದವರು, ಓದಿಕೊಂಡವರು, ವಾರ ತಪ್ಪದೆ ಪೂಜೆಗೆ ಹೋಗುವವರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು. ಯೌವನದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಗಾಳಿ ಕುಡಿದವರು. ಧರ್ಮಸಭೆಯೆಂದರೆ ದೇವರ ಪ್ರಜೆ ಎಂದು 1964ರಲ್ಲಿ ಆ ಮಹಾಸಭೆ ಸಾರಿದ್ದನ್ನು ಅವರು ಮರೆತಿರಲಿಲ್ಲ. ಕನ್ನಡದ ಕಥೋಲಿಕರು 'ಚರ್ಚ್' ಎಂಬುದಕ್ಕೆ ಬಳಸುವ 'ಧರ್ಮಸಭೆ' ಎಂಬ ಪದ ಇಲ್ಲಿ ನೆನಪಾಗುತ್ತದೆ. ಗ್ರೀಕ್ ಮೂಲದ 'ಎಕ್ಲೀಸಿಯ'ಕ್ಕೂ ಅರ್ಥ ಸಭೆ ಎಂದೇ. ಸಭೆಯೆಂದ ಮೇಲೆ ಸೇರಿದವರೆಲ್ಲರದು.

ಸಿದ್ಧಾಂತದ ತಂಟೆಗೆ ಇವರು ಹೋಗಲಿಲ್ಲ. ಪರಮಪ್ರಸಾದ, ಪೋಪರ ಅಧಿಕಾರ, ಯಾವುದನ್ನೂ ಪ್ರಶ್ನಿಸಲಿಲ್ಲ. ಕೇಳಿದ್ದು ಲೆಕ್ಕ: ಹಣದ ಲೆಕ್ಕ, ವರ್ಗಾವಣೆಯ ಲೆಕ್ಕ. ಕಾಣಿಕೆ ಹಣ ಕಾರ್ಡಿನಲ್ ಅವರ ಕೈ ಸೇರದೆ ನೇರವಾಗಿ ಬಡಬಗ್ಗರಿಗೆ ತಲುಪಲೆಂದು ಬೇರೆ ನಿಧಿಯನ್ನೂ ತೆರೆದರು. ಕಾರ್ಡಿನಲ್ ಲಾ ಆ ಹಣವನ್ನು ಮುಟ್ಟಲೊಪ್ಪಲಿಲ್ಲ. ಹಲವು ಧರ್ಮಾಧ್ಯಕ್ಷರು ಚರ್ಚಿನ ಆವರಣದಲ್ಲಿ ಈ ಸಂಘಟನೆ ಸಭೆ ಸೇರಕೂಡದೆಂದು ಅಪ್ಪಣೆ ಮಾಡಿದರು. ತಪ್ಪಿತಸ್ಥ ಪಾದ್ರಿಗೆ ಚರ್ಚಿಂದ ಚರ್ಚಿಗೆ ಬಾಗಿಲು ತೆರೆಯುತ್ತಿತ್ತು. ಪ್ರಶ್ನೆ ಕೇಳಿದ ಭಕ್ತರಿಗೆ ನೆಲಮಾಳಿಗೆಯೂ ಸಿಗದಾಯಿತು.

ಅದೇ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿದ ಅಮೆರಿಕದ ಧರ್ಮಾಧ್ಯಕ್ಷರು ಮಕ್ಕಳ ರಕ್ಷಣೆಗೆ ನಿಯಮಾವಳಿ ರಚಿಸಿದರು. ತಪ್ಪಿತಸ್ಥ ಪಾದ್ರಿ ಒಮ್ಮೆ ಸಿಕ್ಕಿಬಿದ್ದರೂ ಸೇವೆಯಿಂದ ಹೊರಗೆ. ತಮ್ಮನ್ನು ಮಾತ್ರ ಅದರ ವ್ಯಾಪ್ತಿಗೆ ತಂದುಕೊಳ್ಳಲಿಲ್ಲ. ಧರ್ಮಾಧ್ಯಕ್ಷರ ಮೇಲಿನ ದೂರುಗಳಿಗೆ ಜಗತ್ತಿಗೆಲ್ಲ ಅನ್ವಯಿಸುವ ಕ್ರಮವೊಂದನ್ನು ಪೋಪ್ ಫ್ರಾನ್ಸಿಸ್ ರೂಪಿಸಿದ್ದು 2019ರಲ್ಲಿ. ಡಿಸೆಂಬರ್ ಹೊತ್ತಿಗೆ ಬಾಸ್ಟನ್ನಿನ 58 ಮಂದಿ ಪಾದ್ರಿಗಳೇ ಲಾ ಅವರ ರಾಜೀನಾಮೆ ಕೇಳಿ ಪತ್ರಕ್ಕೆ ಸಹಿ ಹಾಕಿದರು. ತಮ್ಮ ಮೇಲಧಿಕಾರಿಗೆ ವಿಧೇಯರಾಗಿರುತ್ತೇವೆಂದು ಮಾತು ಕೊಟ್ಟವರು ಹೀಗೆ ಮಾಡಿದ್ದು ಸಣ್ಣ ಸಂಗತಿಯಲ್ಲ. ಡಿಸೆಂಬರ್ 13ರಂದು ಲಾ ಕೆಳಗಿಳಿದರು. 2004ರಲ್ಲಿ ಅವರಿಗೆ ರೋಮಿನ ಸಾಂತಾ ಮಾರಿಯಾ ಮಜೋರೆ ಮಹಾದೇವಾಲಯದ ಮುಖ್ಯಸ್ಥಾನ ದೊರೆತದ್ದು ಬಾಸ್ಟನ್ನಿನವರ ಗಾಯಕ್ಕೆ ಉಪ್ಪು ಸುರಿದಂತಾಯಿತು.

ಲಾ ಅವರ ಜಾಗಕ್ಕೆ ಬಂದವರು ಕಪುಚಿನ್ ಸನ್ಯಾಸಿ ಶಾನ್ ಓಮ್ಯಾಲಿ. 2003ರಲ್ಲಿ 552 ಮಂದಿ ಸಂತ್ರಸ್ತರಿಗೆ 8.5 ಕೋಟಿ ಡಾಲರ್ ಪರಿಹಾರ ಒಪ್ಪಿದರು, ಮಹಾಧರ್ಮಾಧ್ಯಕ್ಷರ ಅರಮನೆಯಂಥ ನಿವಾಸವನ್ನೂ ಮಾರಿದರು. ಮರುವರ್ಷ ಅರವತ್ತಕ್ಕೂ ಹೆಚ್ಚು ಚರ್ಚುಗಳನ್ನು ಮುಚ್ಚುವುದಾಗಿ ಪ್ರಕಟಿಸಿದರು. ಪೂಜೆಗೆ ಬರುವವರೂ ಪಾದ್ರಿಗಳೂ ಕಡಿಮೆಯಾಗಿದ್ದಾರೆ, ಪರಿಹಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಆಡಳಿತದ ವಿವರಣೆ. ನಂಬಲು ಜನ ತಯಾರಿರಲಿಲ್ಲ. ನಂಬಿಕೆಯ ಬಂಡವಾಳ ಆಗಲೇ ಕರಗಿಹೋಗಿತ್ತು.

ಕಡಲ ತಡಿಯ ಸಿಟುವೇಟ್ ಎಂಬ ಊರಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿ ಚರ್ಚಿನ ಭಕ್ತರು 2004ರ ಅಕ್ಟೋಬರ್ 26ರಂದು ಒಳಗೆ ಹೋಗಿ ಕುಳಿತವರು ಹೊರಗೆ ಬರಲಿಲ್ಲ. ಹಗಲು ರಾತ್ರಿ ಪಾಳಿ ಹಾಕಿಕೊಂಡರು. ಯಾರು ಯಾವ ಹೊತ್ತಿಗೆ ಎಂದು ಪಟ್ಟಿ ಬರೆದು, ಒಬ್ಬರಾದರೂ ಒಳಗಿರುವಂತೆ ನೋಡಿಕೊಂಡರು. ಬೆಂಚುಗಳ ನಡುವೆ ಮಲಗಿದರು, ಜಪಮಾಲೆ ಹೇಳಿದರು, ಕ್ರಿಸ್ಮಸ್ಸಿಗೆ ಸಿಂಗರಿಸಿದರು. ಅವರಿಗೆಂದು ಪಾದ್ರಿಯಿರಲಿಲ್ಲ. ಭಾನುವಾರದ ಪ್ರಾರ್ಥನೆಯನ್ನು ತಾವೇ ನಡೆಸಿಕೊಂಡರು. ಪರಮಪ್ರಸಾದವನ್ನು ಮಾತ್ರ ತಾವೇ ಮಾಡಿಕೊಳ್ಳಲಿಲ್ಲ. ಸಹಾನುಭೂತಿಯುಳ್ಳ ಪಾದ್ರಿಗಳು ಬೇರೆಡೆ ಪವಿತ್ರೀಕರಿಸಿದ ಪ್ರಸಾದ ಅವರಿಗೆ ಗುಟ್ಟಾಗಿ ತಲುಪುತ್ತಿತ್ತು. ಮಹಾಧರ್ಮಾಧ್ಯಕ್ಷರ ಮಾತಿಗೆ ಬಗ್ಗದವರು ಗುರುಪಟ್ಟದ ಗೆರೆಯನ್ನು ದಾಟಲಿಲ್ಲ. ಅಗಸ್ಟೀನರ ಪಾಠವನ್ನು ಬಾಸ್ಟನ್ನಿನಲ್ಲಿ ಕೊನೆಯವರೆಗೂ ಪಾಲಿಸಿದವರು ಈ ಬಂಡಾಯಗಾರರೇ ಇರಬೇಕು.

ಅತ್ತ 2011ರ ಫೆಬ್ರವರಿಯಲ್ಲಿ ಇದೇ ಓಮ್ಯಾಲಿ ಐರ್ಲೆಂಡಿಗೆ ಹೋಗಿದ್ದರು. ಅಲ್ಲಿಯ ಪರಿಸ್ಥಿತಿ ಇನ್ನೂ ಭೀಕರ. 2009ರಲ್ಲಿ ಹೊರಬಂದ ಎರಡು ಸರ್ಕಾರಿ ವರದಿಗಳು ದೇಶವನ್ನೇ ತತ್ತರಿಸುವಂತೆ ಮಾಡಿದ್ದವು. ಡಬ್ಲಿನ್ ನಗರದ ಪ್ರಧಾನ ದೇವಾಲಯದಲ್ಲಿ ಅವರೂ ಅಲ್ಲಿಯ ಮಹಾಧರ್ಮಾಧ್ಯಕ್ಷ ಡಿಯರ್ಮಿಡ್ ಮಾರ್ಟಿನ್ ಅವರೂ ಬಲಿಪೀಠದ ಮುಂದೆ ಬೋರಲಾಗಿ ಮಲಗಿ ಪಶ್ಚಾತ್ತಾಪಪಟ್ಟರು. ದೌರ್ಜನ್ಯಕ್ಕೆ ಒಳಗಾಗಿದ್ದ ಎಂಟು ಮಂದಿಯ ಪಾದ ತೊಳೆದರು. ಪಾದ ತೊಳೆದ ಕೈಗಳ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಅದೇ ವೇಳೆಗೆ ಸಿಟುವೇಟ್‌ನ ಭಕ್ತರು ಏಳನೆಯ ವರ್ಷದ ಪಾಳಿಯಲ್ಲಿದ್ದರು.

ಅವರ ಮನವಿಗಳು ವ್ಯಾಟಿಕನ್ನಿನ ಉಚ್ಚ ನ್ಯಾಯಮಂಡಳಿಯವರೆಗೂ ಹೋಗಿ ಬಿದ್ದುಹೋದವು. 2015ರಲ್ಲಿ ಮಹಾಧರ್ಮಕ್ಷೇತ್ರವೇ ತನ್ನ ಭಕ್ತರ ಮೇಲೆ ಅತಿಕ್ರಮಣದ ಮೊಕದ್ದಮೆ ಹೂಡಿತು. ಆಸ್ತಿ ಕಾನೂನಿನ ಪ್ರಕಾರ ಕಟ್ಟಡ ಮಹಾಧರ್ಮಾಧ್ಯಕ್ಷರದು, ಅದರಲ್ಲಿ ಗೊಂದಲವಿರಲಿಲ್ಲ. ಹಾಗೆ ಎಲ್ಲ ಕಡೆಯೂ ಸೋಲೇ ಆಯಿತೆಂದಲ್ಲ. ವೇಮತ್ ಎಂಬ ಊರಿನಲ್ಲಿ ಹೀಗೆಯೇ ಕುಳಿತವರ ಚರ್ಚು 2005ರಲ್ಲಿ ಮತ್ತೆ ತೆರೆದಿತ್ತು. ಸಿಟುವೇಟ್‌ನವರ ಮೇಲ್ಮನವಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ತಿರಸ್ಕರಿಸಿತು. ಮೇ 29ರ ಭಾನುವಾರ ಕೊನೆಯ ಪ್ರಾರ್ಥನೆ ನಡೆಯಿತು. ಹನ್ನೊಂದೂವರೆ ವರ್ಷ ಒಂದು ಗಳಿಗೆಯೂ ಬರಿದಾಗಿರದಿದ್ದ ಕಟ್ಟಡದಿಂದ, ಕೊಟ್ಟ ಮಾತಿನಂತೆ, ಅವರು ತಾವಾಗಿಯೇ ಹೊರಬಂದರು.

ಅಮೆರಿಕದ ಕಥೋಲಿಕರ ಹಳೆಯ ಗಾಯ 2018ರಲ್ಲಿ ಪೆನ್ಸಿಲ್ವೇನಿಯದ ತನಿಖಾ ವರದಿಯಿಂದ ಮತ್ತೆ ಬಿರಿಯಿತು: 300ಕ್ಕೂ ಹೆಚ್ಚು ಪಾದ್ರಿಗಳು, ಸಾವಿರಕ್ಕೂ ಹೆಚ್ಚು ಮಕ್ಕಳು. ಈ ಹಗರಣಗಳ ಕಾರಣ ಕಥೋಲಿಕರಾಗಿ ಮುಂದುವರಿಯಬೇಕೇ ಎಂದು ಯೋಚಿಸಿದ್ದುಂಟೇ ಎಂದು ಗ್ಯಾಲಪ್ ಸಂಸ್ಥೆ 2002ರಲ್ಲಿ ಕೇಳಿದಾಗ ಹೌದೆಂದವರು ಶೇಕಡಾ 22. ಅದೇ ಪ್ರಶ್ನೆಯನ್ನು 2019ರಲ್ಲಿ ಕೇಳಿದಾಗ ಹೌದೆಂದವರು ಶೇಕಡಾ 37.