ಸಿಲ್ಲೇದಾರನ ಕುದುರೆ, ಬಾರಗೀರನ ಸವಾರಿ

ಟಿ. ದಾಸರಹಳ್ಳಿಯ ಮೆಟ್ರೊ ನಿಲ್ದಾಣದ ಕೆಳಗೆ ಹಾಯುವ ತುಮಕೂರು ರಸ್ತೆಯಲ್ಲಿ ಇವತ್ತು ಕುದುರೆ ಕಾಣುವುದು ಮದುವೆ ಮೆರವಣಿಗೆ ಇದ್ದರೆ ಮಾತ್ರ. ಉಳಿದಂತೆ ಲಾರಿ, ಬಸ್ಸು, ಪೀಣ್ಯದ ಪಾಳಿ ಮುಗಿಸಿ ಬರುವ ಜನ. ಊರು 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು, ಮೆಟ್ರೊ ಬಂದದ್ದು 2015ರಲ್ಲಿ. ಆದರೆ ರಸ್ತೆ ಹಳೆಯದು. ನೆಲಮಂಗಲ, ತುಮಕೂರು, ಶಿರಾ ದಾಟಿ ಪುಣೆಯ ಕಡೆಗೆ ಹೋಗುವ ಈ ದಾರಿ ನೆಲಮಂಗಲದಲ್ಲಿ ಕವಲೊಡೆದು ಕುಣಿಗಲ್ಲಿಗೂ ಹೋಗುತ್ತದೆ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆ ನಡೆದಿದೆ. 1884ರಲ್ಲಿ ಬೆಂಗಳೂರು–ತುಮಕೂರು ರೈಲು ಓಡಲು ಶುರುವಾಗುವ ಮೊದಲು, ಅವಸರದ ಕೆಲಸವಿದ್ದವರಿಗೆ ಇಲ್ಲಿ ಕುದುರೆಯೇ ಗತಿ.

ಕುದುರೆ ಇಟ್ಟವರಿಗೆ ಆಗಲೂ ಈಗಲೂ ಒಂದೇ ತಾಪತ್ರಯ. ಯಜಮಾನ ಕೆಲಸದ ಮೇಲೆ ಪರಸ್ಥಳಕ್ಕೆ ಹೋದರೆ ಕುದುರೆಯನ್ನು ಏನು ಮಾಡುವುದು? ಮೇವು, ನೀರು ಹಾಕುವವರು ಸಿಗುತ್ತಾರೆ. ಕಷ್ಟ ಇರುವುದು ಅದರ ಕಾಲಿಗೆ ಕೆಲಸ ಕೊಡುವುದರಲ್ಲಿ. ಎತ್ತನ್ನು ನಾಲ್ಕು ದಿನ ಕೊಟ್ಟಿಗೆಯಲ್ಲಿ ಕಟ್ಟಿದರೆ ಮೆಲುಕು ಹಾಕಿಕೊಂಡು ಸುಖವಾಗಿರುತ್ತದೆ. ಕುದುರೆ ಹಾಗಲ್ಲ. ಅದರ ಮೊಣಕಾಲಿನ ಕೆಳಗೆ ಮಾಂಸಖಂಡವಿಲ್ಲ, ಇರುವುದು ಮೂಳೆ ಮತ್ತು ಸ್ನಾಯುರಜ್ಜು. ಕೆಳಗಿಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ಗೊರಸಿನದು ದೊಡ್ಡ ಪಾಲು. ಹೆಜ್ಜೆ ನೆಲಕ್ಕೆ ಒತ್ತಿದಾಗಲೆಲ್ಲ ಅದು ಪಂಪಿನಂತೆ ದುಡಿಯುತ್ತದೆ. ನಿಂತೇ ಇದ್ದರೆ ಕಾಲು ಊದಿಕೊಳ್ಳುತ್ತದೆ. ಕರುಳು ಮಂದವಾಗಿ ಹೊಟ್ಟೆಶೂಲೆ ಬರಬಹುದು, ಕುದುರೆಯ ಮಟ್ಟಿಗೆ ಹೊಟ್ಟೆಶೂಲೆ ಪ್ರಾಣ ತೆಗೆಯುವ ಕಾಯಿಲೆ. ಬೇಸರಕ್ಕೆ ಗೋದಲಿ ಕಚ್ಚಿ ಗಾಳಿ ನುಂಗುವ, ನಿಂತಲ್ಲೇ ತಲೆ ತೂಗುವ ಚಟಗಳು ಬೇರೆ. ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ.

ಇವೆಲ್ಲಕ್ಕಿಂತ ಕುತೂಹಲದ್ದು, ಯುರೋಪಿನ ಗಾಡಿ ಕುದುರೆಗಳಲ್ಲಿ 'ಸೋಮವಾರದ ಕಾಯಿಲೆ' ಎಂದೇ ಹೆಸರಾದದ್ದು. ಭಾನುವಾರ ರಜೆ, ಆದರೆ ಕಾಳು ಎಂದಿನಷ್ಟೇ. ಸೋಮವಾರ ಬೆಳಿಗ್ಗೆ ಗಾಡಿಗೆ ಕಟ್ಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಡೆಯ ಸ್ನಾಯು ಕಲ್ಲಾಗಿ, ಮೈ ಬೆವರಿ, ಕುದುರೆ ಹೆಜ್ಜೆ ಕೀಳಲಾರದೆ ನಿಂತುಬಿಡುತ್ತಿತ್ತು. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಸ್ನಾಯು ಒಡೆದು ರಕ್ತಕ್ಕೆ ಸೇರಿದ ವಸ್ತು ಮೂತ್ರಪಿಂಡದ ಮೂಲಕ ಹೊರಬರುವ ಬಣ್ಣ ಅದು. ಪೂರ್ತಿ ಮೇವು, ಪೂರ್ತಿ ವಿಶ್ರಾಂತಿ, ಆಮೇಲೆ ಒಮ್ಮೆಗೇ ದುಡಿತ: ಈ ಮೂರೂ ಕೂಡಿದರೆ ಅಪಾಯ. ಯಜಮಾನ ಊರಲ್ಲಿಲ್ಲದ ಮನೆಯ ಲಾಯದಲ್ಲಿ ನಡೆಯುವುದೂ ಸಾಮಾನ್ಯವಾಗಿ ಇದೇ. ನಮ್ಮ ಸೀಮೆಯಲ್ಲಿ ಕುದುರೆಗೆ ಬೇಯಿಸಿ ಹಾಕುತ್ತಿದ್ದದ್ದು ಹುರುಳಿ. ಕೆಲಸವಿಲ್ಲದ ದಿನ ಹುರುಳಿ ಕಡಿಮೆ ಮಾಡಬೇಕು, ಇಲ್ಲವೇ ಯಾರಾದರೂ ಏರಿ ಓಡಿಸಬೇಕು.

ಆ 'ಯಾರಾದರೂ' ಯಾರು ಎಂಬುದರಲ್ಲಿ ಈ ನಾಡಿನ ಕುದುರೆಗಳ ಕಥೆಯ ಬಹುಪಾಲು ಅಡಗಿದೆ.

ದಕ್ಷಿಣದಲ್ಲಿ ಕುದುರೆ ಎಂದರೆ ಕಡಲಾಚೆಯಿಂದ ಬಂದ ದುಬಾರಿ ಸರಕು. ವಿಜಯನಗರದ ಅರಸರು ಹೊರ್ಮುಜಿನಿಂದ ಬರುವ ಕುದುರೆಗಳಿಗೆ ಹೊನ್ನು ಸುರಿದರು. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿದ್ದಾನೆ. ಅಷ್ಟು ಕೊಟ್ಟು ತಂದದ್ದನ್ನು ಸಾಕುವುದು ಬೇರೆಯೇ ವಿದ್ಯೆ. ಅದು ಗೊತ್ತಿಲ್ಲದೆ ತಮಿಳು ಕರಾವಳಿಯಲ್ಲಿ ಕುದುರೆಗಳು ಸಾಯುತ್ತಿದ್ದುದನ್ನು ಅದಕ್ಕೂ ಎರಡು ಶತಮಾನ ಹಿಂದೆಯೇ ಮಾರ್ಕೊ ಪೋಲೊ ಗಮನಿಸಿದ್ದ. ಕನ್ನಡ ನೆಲದಲ್ಲಿ ಆ ವಿದ್ಯೆಗೆ ಬರವಿರಲಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯೇರಿ ಚೆಂಡಾಡುವ ವಿನೋದಕ್ಕೇ ಒಂದು ಭಾಗ ಮೀಸಲು.

ಸವಾರನೂ ಯಜಮಾನನೂ ಬೇರೆಯಾದರೆ ಏನು ಮಾಡಬೇಕು ಎಂಬುದನ್ನು ಲೆಕ್ಕಪತ್ರದ ಮಟ್ಟಕ್ಕೆ ತಂದದ್ದು ಮಾತ್ರ ದಖನ್ನಿನ ಸೇನೆಗಳು. ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಚಾಕರಿಗೆ ಬರುವವನು ಸಿಲ್ಲೇದಾರ. ಇನ್ನೊಬ್ಬರ ಕುದುರೆಯನ್ನು ಏರುವವನು ಬಾರಗೀರ. ಆ ಇನ್ನೊಬ್ಬರು ಸರ್ಕಾರವಾಗಿರಬಹುದು, ನಾಲ್ಕಾರು ಕುದುರೆ ಇಟ್ಟ ಅನುಕೂಲಸ್ಥನಾಗಿರಬಹುದು. ಕುದುರೆ ಮತ್ತು ಸಾಮಗ್ರಿ ಸೇರಿದ ಒಬ್ಬ ಸವಾರನ ಸ್ಥಾನಕ್ಕೆ 'ಅಸಾಮಿ' ಎನ್ನುತ್ತಿದ್ದರು. ಅದಕ್ಕೆ ಬೆಲೆಯಿತ್ತು, ಕೊಳ್ಳಬಹುದಿತ್ತು, ಮಾರಬಹುದಿತ್ತು. ನಾಲ್ಕು ಅಸಾಮಿಗಳ ಒಡೆಯ ಒಂದೇ ಹೊತ್ತಿಗೆ ನಾಲ್ಕು ಬೆನ್ನಿನ ಮೇಲೆ ಕೂರಲಾರ. ಹಾಗಾಗಿ ತಾನೊಂದನ್ನು ಏರಿ, ಉಳಿದವಕ್ಕೆ ಬಾರಗೀರರನ್ನು ಗೊತ್ತುಮಾಡುತ್ತಿದ್ದ. ಸರ್ಕಾರದಿಂದ ಬರುವ ಸಂಬಳದಲ್ಲಿ ಅವರಿಗಿಷ್ಟು, ತನಗಿಷ್ಟು.

ಮೈಸೂರಿನಲ್ಲಿ ಇದಕ್ಕೆ ಒಪ್ಪಂದದ ಮುದ್ರೆಯೂ ಬಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಆದ ಪೂರಕ ಒಪ್ಪಂದದಂತೆ ಸಂಸ್ಥಾನ ಯಾವಾಗಲೂ 4,000 ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕಿತ್ತು. ಅದರಲ್ಲಿ ಸುಮಾರು 500 ಬಾರಗೀರರು, ಉಳಿದವರು ಸಿಲ್ಲೇದಾರರು. ಈ ಲೆಕ್ಕದ ಹಿಂದೆ ಖಜಾನೆಯ ಜಾಣತನವಿದೆ. ಸಿಲ್ಲೇದಾರನ ಕುದುರೆಯ ಹೊಟ್ಟೆ, ಕಾಲು, ಲಾಳ ಎಲ್ಲವೂ ಸಿಲ್ಲೇದಾರನ ತಲೆನೋವು. ಶಾಂತಿಕಾಲದಲ್ಲಿ ಕುದುರೆ ಕೊಬ್ಬಿದರೆ, ಕುಂಟಿದರೆ ನಷ್ಟ ಅವನದೇ.

ಈ ಪದ್ಧತಿಗೆ ಒಂದು ಓರೆಯೂ ಇತ್ತು. ಕುದುರೆ ಸತ್ತರೆ ಬದುಕೇ ಹೋಯಿತೆಂಬ ಭಯದಲ್ಲಿ ಸ್ವಂತ ಕುದುರೆಯವನು ಯುದ್ಧದಲ್ಲಿ ಮುನ್ನುಗ್ಗಲು ಹಿಂದೆಮುಂದೆ ನೋಡುತ್ತಾನೆಂಬ ದೂರು ಸಿಲ್ಲೇದಾರ ಪಡೆಗಳ ಮೇಲೆ ಎಲ್ಲ ಕಡೆಯೂ ಕೇಳಿಬರುತ್ತಿತ್ತು. ಬಾರಗೀರನಿಗೆ ಆ ಭಯವಿಲ್ಲ, ಆದರೆ ಆ ಮಮತೆಯೂ ಇರಬೇಕಾಗಿಲ್ಲ. ಬಾಡಿಗೆ ಸವಾರನ ಕೈಗೆ ಕುದುರೆ ಒಪ್ಪಿಸುವವರು ಇವತ್ತಿಗೂ ತೂಗಿ ನೋಡುವುದು ಇದನ್ನೇ.

1809ರಲ್ಲಿ ಶ್ರೀರಂಗಪಟ್ಟಣದ ಬ್ರಿಟಿಷ್ ಪಡೆ ಬೆಂಗಳೂರಿಗೆ ಬಂತು, ದಂಡು ಪ್ರದೇಶ ಎದ್ದಿತು. ದಂಡಿನ ಅಧಿಕಾರಿಗೆ ಕುದುರೆ ಎಂದರೆ ಕವಾಯತು, ಪೋಲೊ, ಶಿಕಾರಿ, ರೇಸು ಎಲ್ಲವೂ. ಒಂದೊಂದು ಕುದುರೆಗೆ ಒಬ್ಬ ಸಯೀಸ, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಅವನ ಜೊತೆಗೆ ಹುಲ್ಲು ಕೊಯ್ದು ತರುವವರು. ಈ ಹುಲ್ಲು ಕೊಯ್ಯುವವರು ಇಲ್ಲದಿದ್ದರೆ ದಂಡಿನ ಲಾಯಗಳು ಒಂದು ದಿನವೂ ನಡೆಯುತ್ತಿರಲಿಲ್ಲ, ಆದರೆ ದಂಡಿನ ಕಥೆ ಹೇಳುವ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು.

1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಪಡೆಯೊಂದಿಗೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ತಮ್ಮ ಆತ್ಮಕಥೆಯಲ್ಲಿ ಈ ಏರ್ಪಾಡನ್ನು ಖುಷಿಯಿಂದ ವರ್ಣಿಸಿದ್ದಾರೆ. ಇಬ್ಬರು ಗೆಳೆಯರೊಂದಿಗೆ ಹಿಡಿದ ದೊಡ್ಡ ಬಂಗಲೆ, ಮಣ್ಣಿನ ಗೋಡೆಗೆ ಹೆಂಚು ಹೊದಿಸಿದ ಲಾಯ, ಅದರಲ್ಲಿ ಮೂವತ್ತು ಕುದುರೆಗಳಿಗೆ ಜಾಗ. ಈ ಲಾಯದ ಒಡೆಯರಲ್ಲೊಬ್ಬರಾದ ಚರ್ಚಿಲ್ ಊರಲ್ಲಿ ನಿಂತದ್ದು ಎಷ್ಟು? 1897ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ, ಅಲ್ಲಿಂದ ಮರಳಿದವರೇ ಮಲಕಂಡ್ ಗಡಿಯ ಯುದ್ಧಕ್ಕೆ, 1898ರಲ್ಲಿ ಸೂಡಾನಿಗೆ, 1899ರಲ್ಲಿ ಪೋಲೊ ಪಂದ್ಯಕ್ಕೆ ಮೀರಠಿಗೆ, ಆಮೇಲೆ ಪಡೆಗೇ ವಿದಾಯ. ಗಡಿಗೆ ಹೋದಾಗ ಬೆಂಗಳೂರಿನ ಕುದುರೆಗಳನ್ನು ಒಯ್ಯಲಿಲ್ಲ, ಅಲ್ಲಿಯೇ ಬೇರೆ ಕುದುರೆ ಕೊಂಡರು. ಪೋಲೊ ಕುದುರೆ ಪಂದ್ಯಕ್ಕೆ ಸಿದ್ಧವಾಗಿರಬೇಕಾದರೆ ದಿನವೂ ಬೆವರಬೇಕು. ಹಾಗಿದ್ದಮೇಲೆ ಆ ಲಾಯವನ್ನು ತಿಂಗಳುಗಟ್ಟಲೆ ನಡೆಸಿದ್ದು ಉಳಿದ ಗೆಳೆಯರು ಮತ್ತು ಸಯೀಸರು ಎಂದು ಊಹಿಸಲು ಕಷ್ಟವಿಲ್ಲ. ದಂಡಿನ ಕ್ಲಬ್ಬಿನಲ್ಲಿ ಚರ್ಚಿಲ್ ಬಾಕಿ ಉಳಿಸಿದ 13 ರೂಪಾಯಿಯ ಕಥೆ ಬೆಂಗಳೂರಿಗೆಲ್ಲ ಗೊತ್ತು. ಆ ಸಯೀಸರಲ್ಲಿ ಒಬ್ಬನ ಹೆಸರಾದರೂ ಯಾರಿಗೂ ಗೊತ್ತಿಲ್ಲ.

ಸಯೀಸರು ಕುದುರೆ ಆಡಿಸುವ ಕ್ರಮ ಸರಳ. ಒಂದನ್ನು ಏರಿ, ಪಕ್ಕದಲ್ಲಿ ಇನ್ನೊಂದರ ಹಗ್ಗ ಹಿಡಿದರೆ ಒಬ್ಬನೇ ಎರಡಕ್ಕೆ ದಾರಿ ತೋರಿಸಬಹುದು. ಜಾಗ ಕಡಿಮೆಯಿದ್ದರೆ ಉದ್ದ ಹಗ್ಗ ಕಟ್ಟಿ ಸುತ್ತು ಓಡಿಸುವುದು. ಏನೂ ಆಗದ ದಿನ ಕೈಯಲ್ಲಿ ಹಿಡಿದು ನಡೆಸಿ, ಮರಳಿ ಬಂದ ಮೇಲೆ ಅಂಗೈಯಿಂದ ಗಟ್ಟಿಯಾಗಿ ತಿಕ್ಕುವುದು. ಈ ಮಾಲೀಸಿನಲ್ಲಿ ಭಾರತದ ಸಯೀಸರ ಕೈ ಹೆಸರುವಾಸಿ.

ಅತ್ತ ಸಿಲ್ಲೇದಾರರ ಕಾಲವೂ ಮುಗಿಯುತ್ತ ಬಂತು. 1892ರಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಹಳೆಯ ಕುದುರೆ ಪಡೆಯನ್ನು ಪುನಾರಚಿಸಿದಾಗ ಹುಟ್ಟಿದ್ದು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅದರ ನೆಲೆ ಬೆಂಗಳೂರು. 1914ರಲ್ಲಿ ಈ ಪಡೆ ಈಜಿಪ್ಟಿಗೆ ಹಡಗು ಹತ್ತಿತು. ಅಂಥ ಹಡಗು ಪಯಣದಲ್ಲಿ ಕುದುರೆ ಇಕ್ಕಟ್ಟಾದ ಗೂಡಿನೊಳಗೆ ದಿನಗಟ್ಟಲೆ ನಿಂತೇ ಇರಬೇಕು, ಮಲಗುವ ಹಾಗಿಲ್ಲ. ಅವಕಾಶವಾದಾಗ ಡೆಕ್ಕಿನಲ್ಲಿ ಚಾಪೆ ಹಾಸಿ ನಾಲ್ಕು ಹೆಜ್ಜೆ ನಡೆಸುವುದು, ಕಾಳು ಇಳಿಸುವುದು, ದಡ ಮುಟ್ಟಿದ ಮೇಲೂ ಕೆಲವು ದಿನ ಸವಾರಿಗೆ ಏರದಿರುವುದು ಆ ಕಾಲದ ಸೇನೆಗಳ ರೂಢಿ. ನಾಲ್ಕು ವರ್ಷದ ನಂತರ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದದ್ದು ಇದೇ ಮೈಸೂರು ಪಡೆ. ಬೆಂಗಳೂರಿನ ಜೆ.ಸಿ. ನಗರದ ಬಳಿ, ಮುನಿರೆಡ್ಡಿಪಾಳ್ಯದಲ್ಲಿ, ಅದರ ಸ್ಮಾರಕವಿದೆ.

ಸೇನೆಯಲ್ಲಿ ಮೋಟಾರು ಬಂದು ಕುದುರೆ ಹಿಂದೆ ಸರಿದ ಮೇಲೆ ಕುಣಿಗಲ್ಲಿನ ಸಾಕಣೆ ಕೇಂದ್ರ ಕ್ರಮೇಣ ರೇಸಿನ ಕುದುರೆಯ ಕಡೆ ತಿರುಗಿತು. ರೇಸಿನಲ್ಲಿ ಯಜಮಾನನ ಗೈರುಹಾಜರಿಯೇ ನಿಯಮ. ಒಡೆಯರು ಮುಂಬಯಿಯಲ್ಲಿರಬಹುದು, ಹೈದರಾಬಾದಿನಲ್ಲಿರಬಹುದು. ತಮ್ಮ ಕುದುರೆಯ ಬೆನ್ನನ್ನು ಜೀವಮಾನದಲ್ಲಿ ಏರದಿರಬಹುದು. ರೇಸ್‌ಕೋರ್ಸ್ ರಸ್ತೆಯ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ನಡೆಯುವ ಟ್ರ್ಯಾಕ್ ವರ್ಕ್ ಎಲ್ಲವೂ ತರಬೇತುದಾರ, ರೈಡಿಂಗ್ ಬಾಯ್ ಮತ್ತು ಸಯೀಸರದು. 2020ರಲ್ಲಿ ಲಾಕ್‌ಡೌನ್ ಬಂದು ಪಂದ್ಯ ನಿಂತಾಗಲೂ ಕುದುರೆಯನ್ನು ಕಟ್ಟಿಹಾಕಿ ಕೂರುವಂತಿರಲಿಲ್ಲ. ಆದರೂ ರೇಸ್ ಪುಸ್ತಕದಲ್ಲಿ ಒಡೆಯ, ತರಬೇತುದಾರ, ಜಾಕಿ ಮೂವರದೇ ಹೆಸರಿರುತ್ತದೆ.

ಯಲಹಂಕದಾಚೆ 1996ರಲ್ಲಿ ಶುರುವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಉತ್ತರ ಬೆಂಗಳೂರಿಗೆ ಸವಾರಿಯನ್ನು ಹವ್ಯಾಸವಾಗಿ ಮರಳಿಸಿತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳಲ್ಲಿ ಬೆಳ್ಳಿ ಗೆದ್ದಾಗ ಏರಿದ್ದ 'ಸೆಗ್ನರ್ ಮೆಡಿಕಾಟ್' ಎಂಬೆಸಿ ಸಮೂಹದ ಕುದುರೆ. ಟೋಕಿಯೊ ಒಲಿಂಪಿಕ್ಸ್‌ಗೂ ಹೋದದ್ದು ಅದೇ ಜೋಡಿ. ಅವರ ತಾಲೀಮು ನಡೆದದ್ದು ಜರ್ಮನಿಯಲ್ಲಿ. ಒಡೆತನ ಬೆಂಗಳೂರಿನದು, ಸವಾರಿ ಮತ್ತೊಬ್ಬರದು: ಹಳೆಯ ಮಾತಿನಲ್ಲಿ ಹೇಳುವುದಾದರೆ ಫವಾದ್ ಬಾರಗೀರ, ಅದೂ ಕುದುರೆಯ ಬೆಲೆ ಹೆಚ್ಚಿಸಿದ ಬಾರಗೀರ.

ಸ್ವಂತ ಕುದುರೆಯನ್ನು ಇಂಥ ಲಾಯಗಳಲ್ಲಿ ಬೋರ್ಡಿಂಗ್ ಇಟ್ಟವರಿಗೆ ಕಚೇರಿಯ ಕೆಲಸ ಹೊರದೇಶಕ್ಕೆ ಎಳೆದರೆ ಎರಡು ದಾರಿ. ಲಾಯದ ಸವಾರನಿಗೆ ದುಡ್ಡು ಕೊಟ್ಟು ಓಡಿಸುವುದು ಒಂದು. ಕುದುರೆಯಿಲ್ಲದ ಒಳ್ಳೆಯ ಸವಾರರಿಗೆ ವಾರದಲ್ಲಿ ಕೆಲವು ದಿನ ಬಿಟ್ಟುಕೊಟ್ಟು ಖರ್ಚು ಹಂಚಿಕೊಳ್ಳುವುದು ಇನ್ನೊಂದು. ಎರಡನೆಯದು ಅಸಾಮಿಯ ಲೆಕ್ಕಕ್ಕೆ ಹತ್ತಿರದ್ದು. ಕುದುರೆಯ ಬಾಯಿ ಹಾಳಾಗದಂತೆ ಕಡಿವಾಣ ಹಿಡಿಯಬಲ್ಲವರು ಸಿಕ್ಕರೆ ಅದೇ ಮೇಲು. ಯಾರೂ ಸಿಗದಿದ್ದರೆ ಕಾಳು ಇಳಿಸಿ, ಹುಲ್ಲು ಮುಂದುವರಿಸಿ, ದಿನವಿಡೀ ಬಯಲಿಗೆ ಬಿಡುತ್ತಾರೆ. ಊರಿಗೆ ಮರಳಿದ ಒಡೆಯ ಮೊದಲ ದಿನವೇ ನಾಗಾಲೋಟಕ್ಕೆ ಆಸೆಪಡುವಂತಿಲ್ಲ. ಕೆಲವು ದಿನ ಬರೀ ನಡಿಗೆ, ಆಮೇಲೆ ದುಲಕಿ, ಅದರ ನಂತರ ಓಟ. ಕಾಳೂ ಅದೇ ಮೆಟ್ಟಿಲಲ್ಲಿ ಏರಬೇಕು.