ಬೇವಿನ ತುದಿಯೊಣಗು ರೋಗ: ಶಹಾಬಜಾರದ ಗಿಡಗಳ ನೆಲೆಯಲ್ಲಿ ಪ್ರಸರಣದ ವಿವೇಚನೆ

ಕಲಬುರಗಿಯ ಶಹಾಬಜಾರದಂಥ ಹಳೆಯ ಬಡಾವಣೆಯಲ್ಲಿ ಬೇವಿನ ಕೊನೆಗಳು ಕಂದಾಗಿ ಒಣಗಿದರೆ ಬಿಸಿಲನ್ನೇ ದೂರುವುದು ವಾಡಿಕೆ. ಆದರೆ ಬೇವು ಬಿಸಿಲ ನಾಡಿನ ಗಿಡ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸಿ ಯುಗಾದಿಗೆ ಚಿಗುರು, ಹೂವು ತಳೆಯುವುದು ಅದರ ಕ್ರಮ. ಮುಂಗಾರು ಹಿಡಿದ ಮೇಲೆ ಶುರುವಾಗಿ ಮಳೆಗಾಲದ ಕೊನೆಗೆ ಬಲಿಯುವ ಒಣಗುವಿಕೆ ನೀರಿನ ಕೊರತೆಯದಲ್ಲ, ಅದು ರೋಗ. ಯಾವ ತಿಂಗಳಲ್ಲಿ ಒಣಗಿತು ಎಂಬುದೇ ಇಲ್ಲಿ ಮೊದಲ ಸಾಕ್ಷ್ಯವೆಂಬುದು ನನ್ನ ವಾದ.

ಕಾರಣವಾದ ಶಿಲೀಂಧ್ರಕ್ಕೆ ಸತೀಶ್, ಭಟ್ ಮತ್ತು ದೇವಕಿ ಅವರು 1997ರಲ್ಲಿ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಹೆಸರಿಟ್ಟು ವಿವರಿಸಿದರು. 2021ರಲ್ಲಿ ನೆರೆಯ ತೆಲಂಗಾಣದ ಬೇವುಗಳಲ್ಲಿ ಇದೇ ರೋಗ ವ್ಯಾಪಕವಾಗಿ ಕಾಣಿಸಿತು. ತೊಗರಿಯ ನೆಟೆ ರೋಗ ಮಣ್ಣಿನಿಂದ ಬೇರಿಗೆ ಹತ್ತುತ್ತದೆ. ಬೇವಿನ ಈ ರೋಗವಾದರೋ ತುದಿಯಿಂದ ಕೆಳಗಿಳಿಯುತ್ತದೆ. ಹಾಗಾಗಿ ಬುಡಕ್ಕೆ ನೀರು ಸುರಿದು ಗಿಡ ಉಳಿಸಲು ಹೊರಟರೆ ಫಲವಿಲ್ಲ.

ಒಣಗಿದ ಕೊನೆಯೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ತೊಗಟೆಯ ಮೇಲೆ ಸಣ್ಣ ಕರಿಚುಕ್ಕೆಗಳು ಎದ್ದಿರುತ್ತವೆ. ತೇವ ತಾಗಿದಾಗ ಅವುಗಳಿಂದ ಅಂಟಾದ ಬೀಜಾಣುರಾಶಿ ಹೊರಬರುತ್ತದೆ. ಮಳೆಹನಿ ಅದನ್ನು ಸಿಡಿಸಿ ಪಕ್ಕದ ಎಳೆಚಿಗುರಿಗೆ ಮುಟ್ಟಿಸುತ್ತದೆ. ಒಂದರ ಕೊಂಬೆ ಇನ್ನೊಂದಕ್ಕೆ ತಾಗುವಂತೆ ಗಿಡಗಳು ಬೆಳೆದಿರುವ ಓಣಿಯಲ್ಲಿ ಈ ದಾರಿ ತೀರಾ ಹತ್ತಿರದ್ದು. ಟೀ ಸೊಳ್ಳೆ ಎಂಬ ತಿಗಣೆ ಚಿಗುರಿನ ರಸ ಹೀರಿ ಮಾಡುವ ಗಾಯವೂ ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ. ಬೇಸಿಗೆಯ ಹೊಸ ಚಿಗುರು ಒಣಕೊನೆಗಳನ್ನು ಮರೆಮಾಡುವುದರಿಂದ ಗಿಡ ಸುಧಾರಿಸಿತೆಂದು ತೋರುತ್ತದೆ. ಮುಂದಿನ ಮಳೆಗೆ ಬೇಕಾದ ಸೋಂಕಿನ ಮೂಲ ಮಾತ್ರ ಅಲ್ಲೇ ಉಳಿದಿರುತ್ತದೆ.

ದೂರದ ಪ್ರಸರಣದಲ್ಲಿ ಮನುಷ್ಯನ ಪಾಲು ದೊಡ್ಡದು, ಅದರ ಚರ್ಚೆ ಮಾತ್ರ ಕಡಿಮೆ. ಈ ಶಿಲೀಂಧ್ರ ಹೂಗೊಂಚಲನ್ನು ಸುಡುತ್ತದೆ, ಕಾಯಿ ಕೊಳೆಸುತ್ತದೆ, ಬೀಜದೊಳಗೂ ಸೇರುತ್ತದೆ. ಬೇವಿನ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಗ್ಗುವುದರಿಂದ ನರ್ಸರಿಯವರು ಆಯ್ದೊಡನೆ ಬಿತ್ತಬೇಕು. ಪರೀಕ್ಷೆಗೆ ಬಿಡುವು ಸಿಗದೆ ಸೋಂಕು ಸಸಿಗಳೊಂದಿಗೇ ದೂರ ಸಾಗುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಕಂದು ಆರಿಸುವವರು ತಾಯಿಗಿಡ ನೋಡದೆ ಕೀಳಬಾರದೆಂಬ ನಿಯಮ ಬೇವಿನ ಬೀಜಕ್ಕೂ ಅನ್ವಯಿಸಬೇಕು.

ಹತೋಟಿಯಲ್ಲಿ ಸಿಂಪರಣೆಗಿಂತ ಕತ್ತರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎತ್ತರದ ಬೀದಿಗಿಡದ ನೆತ್ತಿಗೆ ಕಾರ್ಬೆಂಡಜಿಮ್ ಸರಿಯಾಗಿ ತಲುಪಿಸುವುದು ಕಷ್ಟ, ಕೆಳಗೆ ಮನೆಗಳೂ ನೀರಿನ ತೊಟ್ಟಿಗಳೂ ಇರುತ್ತವೆ. ಒಣಹವೆಯಲ್ಲಿ, ಮುಂಗಾರಿಗೆ ಮೊದಲೇ, ಒಣಗಿದ ಭಾಗದ ಕೆಳಗಿನ ಹಸಿ ಕಟ್ಟಿಗೆಯವರೆಗೆ ಸವರಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಸವರಿದ ಕೊಂಬೆಗಳನ್ನು ಗಿಡದ ಬುಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಅದೇ ರಾಶಿಯಿಂದ ಬೀಜಾಣು ಮತ್ತೆ ಮೇಲೇರುತ್ತದೆ; ಅವನ್ನು ಅದೇ ದಿನ ಅಲ್ಲಿಂದ ಸಾಗಿಸಬೇಕು.