ತೆನೆಯ ಚೆಲುವು, ಹೊಲದ ತೀರ್ಪು

ಅಮೆರಿಕದ ಅಯೋವಾ ರಾಜ್ಯದಲ್ಲಿ ನೌಕರಿಯಲ್ಲಿರುವ ಮಗಳ ಮನೆಗೆ ಒಂದು ಬೇಸಗೆ ಹೋಗಿದ್ದೆ. ಆಗಸ್ಟ್ ತಿಂಗಳ ನಡುವಿನ ಒಂದು ದಿನ ಆಕೆ ನನ್ನನ್ನು ರಾಜಧಾನಿ ಡೆ ಮೊಯ್ನ್ ನಗರದ ಪೂರ್ವದ ಅಂಚಿನಲ್ಲಿ ನಡೆಯುವ ರಾಜ್ಯಮೇಳಕ್ಕೆ ಕರೆದೊಯ್ದಳು. ಅಲ್ಲಿನವರು ಇದನ್ನು ಸ್ಟೇಟ್ ಫೇರ್ ಎನ್ನುತ್ತಾರೆ. ಬಾಗಿಲು ಹೊಕ್ಕಾಗ ಬೆಳಗಿನ ಹತ್ತು ಗಂಟೆ. ಅಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತ್ತು. ಮೇ ತಿಂಗಳ ಮುಂಬಯಿಯನ್ನು ನಲವತ್ತು ವರ್ಷ ಉಂಡವನಿಗೂ ಆ ಸೆಕೆ ಹೊಸದೆನಿಸಿತು. ಸಮುದ್ರವಿಲ್ಲದ ನಾಡಿನಲ್ಲಿ ಇಷ್ಟು ತೇವ ಎಲ್ಲಿಂದ ಎಂದು ಕೇಳಿದ್ದಕ್ಕೆ ಮಗಳು ನಕ್ಕು, "ಇದು ಜೋಳದ ಬೆವರು" ಎಂದಳು. ಅದು ತಮಾಷೆಯ ಮಾತಲ್ಲವೆಂದು ಆಮೇಲೆ ತಿಳಿಯಿತು. ನಡುಬೇಸಗೆಯಲ್ಲಿ ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಮಿಗಿಲಾದ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ. ದಿಗಂತದವರೆಗೆ ಜೋಳವೇ ಇರುವ ಸೀಮೆಯಲ್ಲಿ ಗಾಳಿಯೆಲ್ಲ ಬೆಳೆಯ ಉಸಿರು.

ಮೊದಲು ಕಾಲಿಟ್ಟದ್ದು ದನಗಳ ಕೊಟ್ಟಿಗೆಗೆ. ಮರದ ಹೊಟ್ಟು ಹಾಸಿದ ಅಂಗಳದಲ್ಲಿ ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ತಾವು ಸಾಕಿದ ಕಡಸುಗಳ ಹಗ್ಗ ಹಿಡಿದು ಸಾಲಾಗಿ ನಿಂತಿದ್ದರು. ತೀರ್ಪುಗಾರ ಒಂದೊಂದನ್ನೂ ಸುತ್ತಿ ಬಂದ, ಬೆನ್ನ ಮೇಲೆ ಕೈಯಾಡಿಸಿದ, ನಡೆಸಿ ನೋಡಿದ. ಆಮೇಲೆ ಧ್ವನಿವರ್ಧಕ ಹಿಡಿದು, ಮೊದಲನೆಯದಕ್ಕೆ ನೀಲಿ ಪಟ್ಟಿಯನ್ನು ಏಕೆ ಕೊಟ್ಟೆ, ಎರಡನೆಯದು ಎಲ್ಲಿ ಸೋತಿತು, ಮೂರನೆಯದರ ಹಿಂಗಾಲಿನಲ್ಲಿ ಏನು ಕೊರತೆ ಎಂದು ಎಲ್ಲರಿಗೂ ಕೇಳುವಂತೆ ವಿವರಿಸಿದ. ಸೋತ ಮಗು ತಲೆಯಾಡಿಸುತ್ತ ಕೇಳಿಸಿಕೊಂಡಿತು.

ನನಗೆ ನೆನಪಾದದ್ದು ಅಜ್ಜ. ನಮ್ಮೂರು ರಾಣೆಬೆನ್ನೂರು ತಾಲ್ಲೂಕಿನದು. ಶಾಲೆಯ ರಜೆಗೆ ಊರಿಗೆ ಹೋದಾಗ ಆತ ನನ್ನನ್ನು ದನದ ಜಾತ್ರೆಗೆ ಕರೆದೊಯ್ಯುತ್ತಿದ್ದ. ಅಲ್ಲಿಯೂ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ತಟ್ಟುತ್ತಿದ್ದರು. ಆದರೆ ಕೊನೆಯ ಮಾತು ನಡೆಯುತ್ತಿದ್ದದ್ದು ಟವೆಲ್ಲಿನ ಮರೆಯಲ್ಲಿ, ಬೆರಳು ಹಿಡಿದು. ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಕಾರಣವಂತೂ ಕೊಳ್ಳುವವನ ಎದೆಯೊಳಗೇ ಉಳಿಯುತ್ತಿತ್ತು. ನೋಡುವ ವಿದ್ಯೆ ಎರಡು ಕಡೆಯೂ ಒಂದೇ. ನೋಡಿದ್ದನ್ನು ಬಯಲಿನಲ್ಲಿ ನಿಂತು ಕಾರಣಸಹಿತ ಹೇಳಬೇಕೆಂಬ ಕಟ್ಟಳೆ ಮಾತ್ರ ಇಲ್ಲಿಯದು. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಆ ದಿನವಿಡೀ ನನ್ನ ಜೊತೆ ನಡೆಯಿತು.

ಈ ಮೇಳಗಳ ಕಥೆ ಸಾಮಾನ್ಯವಾಗಿ ಎರಡು ಕುರಿಗಳಿಂದ ಆರಂಭವಾಗುತ್ತದೆ. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನಲ್ಲಿ ಎಲ್ಕಾನಾ ವಾಟ್ಸನ್ ಎಂಬಾತ ತನ್ನ ಎರಡು ಮೆರಿನೋ ಕುರಿಗಳನ್ನು ಊರ ನಡುವಿನ ಎಲ್ಮ್ ಮರದ ಕೆಳಗೆ ಕಟ್ಟಿ ಜನರಿಗೆ ತೋರಿಸಿದ. ವ್ಯಾಪಾರ, ಬ್ಯಾಂಕು ಎಂದು ಬದುಕು ಕಳೆದು, ನಡುವಯಸ್ಸು ದಾಟಿದ ಮೇಲೆ ಬೇಸಾಯಕ್ಕೆ ಬಂದವನು ಆತ. ನವಿರಾದ ಉಣ್ಣೆಯ ಆ ತಳಿಯನ್ನು ನೋಡಲು ಜನ ನೆರೆದದ್ದನ್ನು ಕಂಡು, ಎರಡೇ ಕುರಿಗಳು ಇಷ್ಟು ಜನರನ್ನು ಸೆಳೆಯುವುದಾದರೆ ಸೀಮೆಯ ದನಕರುಗಳೆಲ್ಲ ಒಂದೆಡೆ ಸೇರಿದರೆ ಹೇಗೆ ಎಂದು ಯೋಚಿಸಿದ. 1810ರಲ್ಲಿ ದನಗಳ ಪ್ರದರ್ಶನ ನಡೆಯಿತು. ಮರುವರ್ಷ ಬರ್ಕ್‌ಷೈರ್ ಕೃಷಿ ಸಂಘ ಹುಟ್ಟಿತು. ಆ ಮೊದಲಿನ ಕೃಷಿ ಸಂಘಗಳು ಬಹುಮಟ್ಟಿಗೆ ಸಿರಿವಂತ ಜಮೀನುದಾರರು ಕೂಡಿ ಪ್ರಬಂಧ ಓದುವ ಕೂಟಗಳಾಗಿದ್ದವು. ಪ್ರಬಂಧ ಓದದ ರೈತನೂ ಪಕ್ಕದವನ ಎತ್ತಿಗೆ ಬಹುಮಾನ ಬಂದರೆ ಏಕೆಂದು ಕೇಳದೆ ಇರಲಾರ ಎಂಬುದನ್ನು ವಾಟ್ಸನ್ ಅರಿತಿದ್ದ. ಮನೆಯಲ್ಲಿ ನೇಯ್ದ ಬಟ್ಟೆಗೂ ಆತ ಬಹುಮಾನ ಇಟ್ಟ; ಹೆಂಗಸರು ಮುಂದೆ ಬರಲು ಸಂಕೋಚಪಟ್ಟಾಗ ತನ್ನ ಹೆಂಡತಿಯನ್ನೇ ಮೊದಲು ಕರೆತಂದ. ಇಂದು ಇಂಥ ಮೇಳಗಳಲ್ಲಿ ಕಾಣುವ ಕೌದಿ, ಉಪ್ಪಿನಕಾಯಿ, ಹಣ್ಣಿನ ಕಡುಬುಗಳ ಸ್ಪರ್ಧೆಗಳೆಲ್ಲ ಆ ಬಟ್ಟೆಯ ಬಹುಮಾನದ ವಂಶದವು.

ಜಿಲ್ಲೆಯ ಮೇಳ ರಾಜ್ಯದ ಮೇಳವಾದದ್ದು 1841ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ. ಅಲ್ಲಿಂದ ಅದು ವಲಸೆಗಾರರ ಬಂಡಿಗಳ ಜೊತೆ ಪಶ್ಚಿಮಕ್ಕೆ ನಡೆಯಿತು. 1859ರ ಸೆಪ್ಟೆಂಬರ್ 30ರಂದು ವಿಸ್ಕಾನ್ಸಿನ್ ರಾಜ್ಯದ ಮೇಳದಲ್ಲಿ ಮಾತನಾಡಲು ಮಿಲ್ವಾಕೀಗೆ ಇಲಿನಾಯ್ ರಾಜ್ಯದ ಒಬ್ಬ ವಕೀಲ ಬಂದಿದ್ದ. ಆತ ಅಬ್ರಹಾಂ ಲಿಂಕನ್. ಅಧ್ಯಕ್ಷನಾಗಲು ಇನ್ನೂ ಒಂದೂವರೆ ವರ್ಷವಿತ್ತು. ಅಪರಿಚಿತನನ್ನು ವೈರಿಯೆಂದು ಬಗೆಯುವ ಹಳೆಯ ಸ್ವಭಾವವನ್ನು ಇಂಥ ಕೂಟಗಳು ಕಳೆಯುತ್ತವೆ ಎಂದು ಆತ ಮಾತು ತೊಡಗಿದ. ಆಮೇಲೆ ನೇರವಾಗಿ ಇಳುವರಿಗೆ ಬಂದ. ನೆಲ ಹೇರಳವಾಗಿದೆಯೆಂದು ಹರಡಿಕೊಳ್ಳುವ ಬದಲು ಇರುವ ಎಕರೆಯಲ್ಲಿ ಹೆಚ್ಚು ಬೆಳೆಯಿರಿ, ದುಡಿಯುವ ಕೈಗೂ ಓದಿದ ತಲೆಗೂ ನಂಟು ಬೆಳೆಯಲಿ ಎಂಬುದು ಅವನ ಮಾತಿನ ಸಾರ. 1862ರಲ್ಲಿ, ಯುದ್ಧದ ನಡುವೆ, ಕೃಷಿ ಕಾಲೇಜುಗಳಿಗೆ ಭೂಮಿ ಒದಗಿಸುವ ಮಾರಿಲ್ ಕಾಯಿದೆಗೆ ಸಹಿ ಹಾಕಿದವನೂ ಅವನೇ. ಆ ಕಾಯಿದೆಯನ್ನು ಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ.

ಅಯೋವಾದ ಮೊದಲ ಮೇಳ 1854ರ ಅಕ್ಟೋಬರಿನಲ್ಲಿ ಫೇರ್‌ಫೀಲ್ಡ್ ಎಂಬಲ್ಲಿ ನಡೆದಿತ್ತು. ಯಾವ ಮೂಲನಿವಾಸಿಗಳ ಹೆಸರನ್ನು ರಾಜ್ಯ ಹೊತ್ತಿದೆಯೋ ಅವರು ಅಷ್ಟರಲ್ಲಿ ಈ ನೆಲದಿಂದ ತೆರವಾಗಿದ್ದರು. ಆ ಮೇಳದಲ್ಲಿ ತರುಣಿಯರ ಕುದುರೆ ಸವಾರಿಯ ಸ್ಪರ್ಧೆಯಿತ್ತು. ನೆರೆದವರ ಮನಸ್ಸು ಗೆದ್ದದ್ದು ಎಲಿಜಾ ಜೇನ್ ಹಾಜಸ್ ಎಂಬ ಹದಿಮೂರರ ಹುಡುಗಿ. ತೀರ್ಪುಗಾರರು ಚಿನ್ನದ ಗಡಿಯಾರವನ್ನು ಇನ್ನೊಬ್ಬಳಿಗೆ ಕೊಟ್ಟಾಗ ಜನ ಒಪ್ಪಲಿಲ್ಲ; ತಾವೇ ಹಣ ಕೂಡಿಸಿ ಆ ಹುಡುಗಿಗೆ ಕೊಟ್ಟರು, ಅವಳ ಓದಿಗೂ ಏರ್ಪಾಡಾಯಿತು. ಕಾರಣ ಕೇಳುವ ಹಕ್ಕು ನೋಡುಗನಿಗೂ ಇದೆ ಎಂಬುದನ್ನು ಮೊದಲ ವರ್ಷವೇ ಅಲ್ಲಿನ ಜನ ತೋರಿಸಿಕೊಟ್ಟಿದ್ದರು.

ಎಲ್ಲರಿಗೂ ಆ ಹಕ್ಕು ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಟೆಕ್ಸಾಸ್ ರಾಜ್ಯದ ಮೇಳದಲ್ಲಿ ಕಪ್ಪು ಜನರಿಗೆಂದು ಪ್ರತ್ಯೇಕ ದಿನವನ್ನು ಗೊತ್ತುಮಾಡುವ ವಾಡಿಕೆಯಿತ್ತು. 1955ರಲ್ಲಿ ಜುವಾನಿಟಾ ಕ್ರಾಫ್ಟ್ ಅವರ ಮಾರ್ಗದರ್ಶನದಲ್ಲಿ ತರುಣರು ಬಾಗಿಲ ಮುಂದೆ ಪ್ರತಿಭಟಿಸಿದರು. ಮೇಳದ ಅಂಗಳ ಎಲ್ಲರಿಗೂ ಎಲ್ಲ ದಿನವೂ ತೆರೆಯಲು ಆಮೇಲೂ ವರ್ಷಗಳು ಹಿಡಿದವು. ಜಾತ್ರೆಯಲ್ಲಿ ತೇರು ಎಲ್ಲರಿಗೂ ಕಾಣುತ್ತದೆ, ಹಗ್ಗ ಎಲ್ಲರ ಕೈಗೆ ಬರುವುದಿಲ್ಲ ಎಂಬುದನ್ನು ಬಲ್ಲ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಮಧ್ಯಾಹ್ನದ ಬಿಸಿಲು ತಲೆಗೇರಿದಾಗ ಜನ ಸಾಲುಗಟ್ಟಿ ನಿಂತಿದ್ದು ಬೆಣ್ಣೆಯ ಹಸುವಿನ ಮುಂದೆ. ಗಾಜಿನ ಆಚೆ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ, ಮರ ಮತ್ತು ತಂತಿಯ ಹಂದರಕ್ಕೆ ಸುಮಾರು 270 ಕಿಲೋ ಬೆಣ್ಣೆ ಮೆತ್ತಿ ರೂಪಿಸಿದ ಆಳೆತ್ತರದ ಹಸು. 1911ರಲ್ಲಿ ಜೆ. ಕೆ. ಡೇನಿಯಲ್ಸ್ ಮೊದಲನೆಯದನ್ನು ಮಾಡಿದ. 1960ರಿಂದ ನಾಲ್ಕು ದಶಕಗಳಿಗೂ ಮಿಕ್ಕಿ ಈ ಕೆಲಸ ನಡೆಸಿದವರು ನಾರ್ಮಾ ಲಯನ್ ಎಂಬ ರೈತ ಮಹಿಳೆ. ಪಶುವೈದ್ಯೆಯಾಗಬೇಕೆಂದಿದ್ದ ಅವರಿಗೆ ಆ ಕಾಲದಲ್ಲಿ ಹೆಣ್ಣೆಂಬ ಕಾರಣಕ್ಕೆ ಆ ಬಾಗಿಲು ಮುಚ್ಚಿತ್ತು. ಪಶುವಿಜ್ಞಾನ ಓದಿದರು, ಶಿಲ್ಪ ಕಲಿತರು. ಹಸುವಿನ ಮೈಕಟ್ಟು ಬಲ್ಲ ಕೈ ಅದು. ಮೊದಮೊದಲು ಹಾಲಿನ ಪ್ರಚಾರಕ್ಕೆಂದು ಇದ್ದ ಮೂರ್ತಿ ಇಂದು ಬೇರೆಯದೇ ಆಗಿದೆ. ನನ್ನ ಮುಂದೆ ನಿಂತವರಲ್ಲಿ ಹಾಲು ಕರೆದವರು ಎಷ್ಟು ಮಂದಿ ಇದ್ದಾರು? 1930ರ ದಶಕದಲ್ಲಿ ಅಯೋವಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬೇಸಾಯದ ಹಿಡುವಳಿಗಳಿದ್ದವು. ಇಂದು ಒಂದು ಲಕ್ಷವೂ ಇಲ್ಲ. ಆದರೆ ಹನ್ನೊಂದು ದಿನದ ಮೇಳಕ್ಕೆ ಬರುವವರ ಸಂಖ್ಯೆ 2002ರಲ್ಲಿ ಮೊದಲ ಬಾರಿ ಹತ್ತು ಲಕ್ಷ ದಾಟಿತು. ಹೊಲ ಬಿಟ್ಟವರು ಹೆಚ್ಚಿದಂತೆ ಮೇಳಕ್ಕೆ ಬರುವವರೂ ಹೆಚ್ಚಿದರು. ಊರು ಬಿಟ್ಟ ಮೇಲೆ ಊರ ಜಾತ್ರೆಯ ತಾರೀಖನ್ನು ಮರೆಯದೆ ಕೇಳುವ ನಮ್ಮ ಮುಂಬಯಿಯ ಬಂಧುಗಳು ಕಣ್ಣಮುಂದೆ ಬಂದರು.

ಬಿಸಿಲಿಳಿಯುವ ಹೊತ್ತಿಗೆ ಕೃಷಿ ಭವನದೊಳಗೆ ಹೋದೆವು. ಮೇಜಿನ ಮೇಲೆ ಮೆಕ್ಕೆಜೋಳದ ತೆನೆಗಳು. ಪಕ್ಕದಲ್ಲಿ ಅತಿ ಎತ್ತರದ ದಂಟಿನ ಸ್ಪರ್ಧೆ. ನಮ್ಮ ಕಡೆ ಇದನ್ನು ಗೋವಿನಜೋಳ ಎನ್ನುತ್ತೇವೆ. ಈ ತೆನೆಗಳ ಮುಂದೆ ನಿಂತಾಗಲೇ ನನ್ನ ಬೆಳಗಿನ ಪ್ರಶ್ನೆಗೆ ಒಂದು ಉತ್ತರ ಹೊಳೆದದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಯೋವಾದ ಕೃಷಿ ಕಾಲೇಜಿನಲ್ಲಿ ಪಿ. ಜಿ. ಹೋಲ್ಡನ್ ಎಂಬ ಪ್ರಾಧ್ಯಾಪಕನಿದ್ದ. ಒಳ್ಳೆಯ ಬೀಜದ ಮಹಿಮೆಯನ್ನು ರೈಲಿನಲ್ಲಿ ಊರೂರಿಗೆ ಒಯ್ದು ಸಾರಿದವನು. ಅವನ ಕಾಲದ ತೆನೆ ಸ್ಪರ್ಧೆಗಳಲ್ಲಿ ಗೆಲ್ಲಬೇಕಾದರೆ ತೆನೆ ಉರುಳೆಯಂತೆ ದುಂಡಗಿರಬೇಕು, ಕಾಳಿನ ಸಾಲು ನೇರವಾಗಿರಬೇಕು, ಬುಡದಿಂದ ತುದಿಯವರೆಗೆ ಕಾಳು ತುಂಬಿರಬೇಕು. ಆ ಚೆಲುವಾದ ತೆನೆಯೇ ಮುಂದಿನ ವರ್ಷದ ಬೀಜ. 1904ರಲ್ಲಿ ಹೆನ್ರಿ ಎ. ವಾಲೆಸ್ ಎಂಬ ಹದಿನೈದರ ಹುಡುಗನಿಗೆ ಒಂದು ಅನುಮಾನ ಬಂತು. ಚೆಲುವಿದ್ದರೆ ಹಂದಿಗೇನು ಲಾಭ? ಹೋಲ್ಡನ್ ಹುಡುಗನನ್ನು ಗದರಿಸದೆ ತೆನೆಗಳನ್ನು ಅವನ ಕೈಗಿತ್ತ, ಬಿತ್ತಿ ನೋಡು ಎಂದ. ಹುಡುಗ ಒಂದೊಂದು ತೆನೆಯ ಕಾಳನ್ನೂ ಬೇರೆಬೇರೆ ಸಾಲಿನಲ್ಲಿ ಬಿತ್ತಿ, ಕೊಯ್ದು, ತೂಗಿದ. ಅತ್ಯಂತ ಸುಂದರವೆಂದು ಎತ್ತಿಹಿಡಿದಿದ್ದ ತೆನೆ ಇಳುವರಿಯಲ್ಲಿ ಹಿಂದೆ ಬಿತ್ತು.

ಈ ಹುಡುಗ ಎಳೆಯ ವಯಸ್ಸಿನಲ್ಲಿ ಗಿಡಗಳನ್ನು ನೋಡಲು ಕಲಿತದ್ದು, ದಾಸ್ಯದಲ್ಲಿ ಹುಟ್ಟಿ ಅದೇ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಯೂ ಅಧ್ಯಾಪಕನೂ ಆದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಜೊತೆ ಅಡ್ಡಾಡುತ್ತ. ಹಾಗಾಗಿ ಅವನು ಕಣ್ಣನ್ನು ತಿರಸ್ಕರಿಸಲಿಲ್ಲ. ಕಣ್ಣಿನ ತೀರ್ಪನ್ನು ಹೊಲದ ತಕ್ಕಡಿಯಲ್ಲಿ ಇಟ್ಟ. ಅದು ಸಾಧ್ಯವಾದದ್ದು ತೀರ್ಪುಗಾರ ತನ್ನ ಕಾರಣಗಳನ್ನು ಬಾಯಿಬಿಟ್ಟು ಹೇಳಿದ್ದರಿಂದ. ಟವೆಲ್ಲಿನೊಳಗಿನ ಕಾರಣವನ್ನು ಯಾರೂ ಪರೀಕ್ಷಿಸಲಾರರು. ಬಯಲಿನಲ್ಲಿ ಹೇಳಿದ ತಪ್ಪು ಕಾರಣವನ್ನು ಒಬ್ಬ ಹುಡುಗನೂ ಬಿತ್ತಿ ನೋಡಬಲ್ಲ. ಮೇಳ ಕಲಿಸಿದ ದೊಡ್ಡ ಪಾಠ ಇದೆಂದು ನನಗೆ ಅನ್ನಿಸಿತು.

ಆಮೇಲಿನದು ದೊಡ್ಡ ಚರಿತ್ರೆ. 1920ರಲ್ಲಿ ಅಯೋವಾದಲ್ಲಿ ಚೆಲುವಿನ ಬದಲು ಇಳುವರಿಯನ್ನೇ ಅಳೆಯುವ ಸ್ಪರ್ಧೆ ಶುರುವಾಯಿತು. 1926ರಲ್ಲಿ ವಾಲೆಸ್ ಸಂಕರಣ ಬೀಜದ ಕಂಪನಿಯನ್ನು ಸ್ಥಾಪಿಸಿದ. 1933ರಲ್ಲಿ ಅಮೆರಿಕದ ಕೃಷಿ ಸಚಿವನಾದ, 1941ರಲ್ಲಿ ಉಪಾಧ್ಯಕ್ಷನಾದ. ಹತ್ತು ಹನ್ನೆರಡು ವರ್ಷಗಳೊಳಗೆ ಅಯೋವಾದ ಹೊಲಗಳನ್ನೆಲ್ಲ ಸಂಕರಣ ಜೋಳ ಆವರಿಸಿತು. 1940ರಲ್ಲಿ ಮೆಕ್ಸಿಕೋಗೆ ಹೋಗಿಬಂದ ವಾಲೆಸ್ ಅಲ್ಲಿನ ಬಡ ರೈತರಿಗೂ ಇಂಥ ಸಂಶೋಧನೆ ಬೇಕೆಂದ. ರಾಕ್‌ಫೆಲ್ಲರ್ ಪ್ರತಿಷ್ಠಾನ ಅಲ್ಲಿ ಕೆಲಸ ತೊಡಗಿತು. ಅದೇ ಪ್ರತಿಷ್ಠಾನದ ನೆರವಿನಿಂದ 1957ರಲ್ಲಿ ಭಾರತದಲ್ಲಿ ಮೆಕ್ಕೆಜೋಳದ ಅಖಿಲ ಭಾರತ ಸಮನ್ವಿತ ಯೋಜನೆ ಆರಂಭವಾಯಿತು. 1961ರಲ್ಲಿ ನಮ್ಮ ಮೊದಲ ಸಂಕರಣ ತಳಿಗಳು ಬಿಡುಗಡೆಯಾದವು. ಇಂದು ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಕಾಣುವುದು ಇದೇ ಬೆಳೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಸಂಕರಣ ಬೀಜದ ಕಸುವು ಮರುಪೀಳಿಗೆಯಲ್ಲಿ ಉಳಿಯುವುದಿಲ್ಲ. ಪ್ರತಿ ವರ್ಷ ಕೊಳ್ಳಬೇಕು. ಹೋಲ್ಡನ್ ಕಾಲದ ರೈತ ಕೈಯಲ್ಲಿ ಹಿಡಿದು ಮೆಚ್ಚಿದ ತೆನೆ ಅವನ ಸ್ವಂತ ಬೀಜವಾಗಿತ್ತು. ಮೆಚ್ಚುಗೆ ತಪ್ಪಾಗಿದ್ದಿರಬಹುದು, ಒಡೆತನ ತಪ್ಪಾಗಿರಲಿಲ್ಲ. ಅಜ್ಜ ಬೇವಿನ ಎಲೆ ಬೆರೆಸಿ ಬುಟ್ಟಿಯಲ್ಲಿ ಬೀಜದ ಜೋಳವನ್ನು ಅಟ್ಟಕ್ಕೇರಿಸುತ್ತಿದ್ದ. ಇಂದು ಅದೇ ಹೊಲದಲ್ಲಿ ಗೋವಿನಜೋಳ ಬೆಳೆಯುವ ಚಿಕ್ಕಪ್ಪನ ಮಗ ಬಣ್ಣ ಹಚ್ಚಿದ ಬೀಜದ ಚೀಲವನ್ನು ಅಂಗಡಿಯಿಂದ ಸಾಲಕ್ಕೆ ತರುತ್ತಾನೆ. ಎಕರೆಗೆ ಬರುವ ಚೀಲಗಳ ಲೆಕ್ಕ ಹೇಳಿದರೆ ಅಜ್ಜ ನಂಬುತ್ತಿರಲಿಲ್ಲ. ಬೀಜವನ್ನು ಸಾಲಕ್ಕೆ ತರುವುದನ್ನು ಹೇಳಿದರೂ ನಂಬುತ್ತಿರಲಿಲ್ಲ.

ಹೊರಗೆ ಬಂದಾಗ ಸಂಜೆ ಏಳಾಗಿತ್ತು, ಬಿಸಿಲು ಇನ್ನೂ ಉಳಿದಿತ್ತು. ಮಗಳು ಬೆಣ್ಣೆಯಲ್ಲಿ ಅದ್ದಿದ ಸುಟ್ಟ ತೆನೆ ತಂದುಕೊಟ್ಟಳು. ಗಿರಗಾಂವ್ ಚೌಪಾಟಿಯ ನಿಂಬೆ, ಖಾರಪುಡಿಯ ಭುಟ್ಟಾ ತಿಂದ ನಾಲಗೆಗೆ ಅದು ಸಪ್ಪೆ. ಆದರೂ ಕಚ್ಚುವ ಮುನ್ನ ತಿರುಗಿಸಿ ನೋಡಿದೆ. ಸಾಲು ನೇರವಾಗಿದ್ದವು, ತುದಿಯವರೆಗೆ ಕಾಳು ತುಂಬಿತ್ತು. "ಏನು ನೋಡುತ್ತೀ?" ಎಂದು ಮಗಳು ಕೇಳಿದಳು. ನಾನು ಕಾರಣ ಹೇಳತೊಡಗಿದೆ. ವಾಹನ ನಿಲ್ಲಿಸಿದಲ್ಲಿಗೆ ತಲುಪುವವರೆಗೂ ಅದು ಮುಗಿಯಲಿಲ್ಲ.